‘ನಮ್ಮಜ್ಜ’ನಿಗೊಂದು ಅಡಿಟಿಪ್ಪಣಿ

"ಮೊದಲು ಆ ಕನ್ನಡಕ ತೆಗೀರಿ. ಆಮೇಲೆ ಬಂದ ವಿಷಯ ಹೇಳ್ತೀನಿ."

ಬಾಗಿಲಲ್ಲಿ ನಿಂತಿದ್ದ ಅಪರಿಚಿತನ ಬಾಯಿಂದ ಹೊರಟ ಮೊದಲ ಮಾತೇ ಇದು. ನಮಸ್ಕಾರವಿಲ್ಲ, ಒಳಗೆ ಬರಲೇ ಎಂಬ ಸೌಜನ್ಯವಿಲ್ಲ. ಕಂಕುಳಲ್ಲಿ ಒಂದು ಹಳೆಯ ತಗಡಿನ ಡಬ್ಬಿ, ಅಂಗಿಯ ಜೇಬಿನಲ್ಲಿ ಸಾಲಾಗಿ ನಾಲ್ಕು ಪುಟ್ಟ ಸ್ಕ್ರೂಡ್ರೈವರ್‌ಗಳು.

ಅವಳು ಬರೆಯುತ್ತಿದ್ದ ಕಾಗದದಿಂದ ತಲೆಯೆತ್ತಿದಳು. "ಏನಂದ್ರಿ?"

"ಎಡಗಡೆ ಕಡ್ಡಿಗೆ ದಾರ ಸುತ್ತಿದ್ದೀರಲ್ಲ... ಅದನ್ನ ನೋಡ್ತಾ ನಿಂತ್ರೆ ನಂಗೆ ಮಾತೇ ಹೊರಡಲ್ಲ."

"ಹಾಗಾದ್ರೆ ಈಗ ಹೊರಡ್ತಾ ಇರೋದೇನು?"

ಅವನಿಗೆ ನಗು ಬಂತು. ಅವಳಿಗೆ ಮೈ ಉರಿಯಿತು. ಬೆಳಗ್ಗೆಯಿಂದ ಎರಡು ಅಂಕಪಟ್ಟಿ, ಒಂದು ವಿಚ್ಛೇದನದ ತೀರ್ಪು ಅನುವಾದಿಸಿ ಕುತ್ತಿಗೆ ಹಿಡಿದುಕೊಂಡಿತ್ತು. ಇವನೊಬ್ಬ ಬಾಕಿ ಇದ್ದ. ಆದರೂ ಯಾಕೋ ಏನೋ, ಕೈ ತಾನಾಗಿ ಕನ್ನಡಕ ತೆಗೆದು ಮುಂದಕ್ಕೆ ಚಾಚಿತು.

ಅವನು ಕುರ್ಚಿ ಎಳೆದುಕೊಂಡು ಕೂತ. ದಾರ ಬಿಚ್ಚಿದ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಅದರೊಳಗಿನ ಸಾಸಿವೆಗಿಂತ ಸಣ್ಣ ಸ್ಕ್ರೂವೊಂದನ್ನು ಬೆರಳ ತುದಿಯಲ್ಲಿ ಎತ್ತಿ ಕೂರಿಸಿ ತಿರುಗಿಸಿದ. ಗಾಜು ಒರೆಸಿ ವಾಪಸು ಕೊಟ್ಟ. ಎಲ್ಲ ಸೇರಿ ಎರಡು ನಿಮಿಷ.

ಅವಳು ಹಾಕಿಕೊಂಡಳು. ಎರಡು ತಿಂಗಳಿಂದ ಓರೆಯಾಗಿದ್ದ ಕೋಣೆ ಒಮ್ಮೆಲೇ ನೆಟ್ಟಗಾಯಿತು. ಎದುರಿಗೆ ಕೂತವನ ಮುಖವೂ ಸ್ಪಷ್ಟವಾಗಿ ಕಂಡಿತು... ತೊಂದರೆ ಶುರುವಾದದ್ದೇ ಅಲ್ಲಿಂದ.

"ಈಗ ಹೇಳಿ," ಎಂದಳು, ದನಿಯಲ್ಲಿ ಆದಷ್ಟು ಬಿಗಿ ತಂದುಕೊಂಡು.

"ಈಗ ಆರಾಮಾಗಿ ಹೇಳಬಹುದು," ಎಂದು ಅವನು ಡಬ್ಬಿಯ ಮುಚ್ಚಳ ತೆಗೆದ.

ಆ ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಸೀಲಮ್ಮ ಎಂದು. ವಯಸ್ಸು ಇಪ್ಪತ್ತೊಂಬತ್ತಾದರೂ ಹೆಸರು ಮಾತ್ರ ಎಪ್ಪತ್ತರದು. ಜೆರಾಕ್ಸ್ ಅಂಗಡಿಯ ಮೇಲಿನ ಒಂದೇ ಕೋಣೆ ಅವಳ ಕಚೇರಿ. ಹೊರದೇಶಕ್ಕೆ ಹೋಗುವವರ ಜನನ ಪತ್ರ, ಮದುವೆ ಪತ್ರ, ತೀರ್ಪು, ಉಯಿಲು, ಎಲ್ಲವನ್ನೂ ಅವಳು ಆ ದೇಶದ ಭಾಷೆಗೆ ಅನುವಾದಿಸಿ, ಕೆಳಗೆ ತನ್ನ ದುಂಡು ಮುದ್ರೆ ಒತ್ತಬೇಕು. ಆ ಮುದ್ರೆ ಇಲ್ಲದ ಕಾಗದವನ್ನು ಯಾವ ಕೌಂಟರಿನವರೂ ಮುಟ್ಟಿ ನೋಡುತ್ತಿರಲಿಲ್ಲ.

ಮುದ್ರೆ ಅವಳ ಅಪ್ಪನ ಕಾಲದ್ದು. ನಲವತ್ತು ವರ್ಷ ಅದೇ ಮೇಜಿನ ಮುಂದೆ ಕೂತು ಅನುವಾದ ಮಾಡಿದವರು ಅವರು. ಕಣ್ಣು ಮಂಜಾದ ಮೇಲೆ ಮಗಳು ಪರೀಕ್ಷೆ ಬರೆದು ಪಾಸಾದಳು. ಮುದ್ರೆಯ ಮೇಲಿದ್ದ ಅಪ್ಪನ ಪರವಾನಗಿ ಸಂಖ್ಯೆಯನ್ನೇ ಅವಳಿಗೆ ಕೊಟ್ಟರು. ಸುಳ್ಳು ಅನುವಾದಕ್ಕೆ ಒತ್ತಿದ್ದಾರೆ ಎಂದು ಒಮ್ಮೆ ಗೊತ್ತಾದರೆ ಸಾಕು, ಆ ಸಂಖ್ಯೆ ರದ್ದು. ಮತ್ತೆ ಸಿಗುವುದಿಲ್ಲ.

ಮುದ್ರೆಯ ಜೊತೆ ಅಪ್ಪ ಒಂದು ಕಟ್ಟುನಿಟ್ಟಿನ ಅಭ್ಯಾಸವನ್ನೂ ಮಗಳ ಕೈಗೆ ದಾಟಿಸಿದ್ದರು. ಯಾವ ಪದಕ್ಕಾದರೂ ಎರಡು ಅರ್ಥ ಇರಬಹುದು ಅನ್ನಿಸಿದರೆ ಅದಕ್ಕೆ ಅಡಿಗೆರೆ ಎಳೆಯಬೇಕು, ಪುಟದ ಕೆಳಗೆ ಟಿಪ್ಪಣಿ ಹಾಕಬೇಕು. ಅವಳ ಅನುವಾದದಲ್ಲಿ ಒಮ್ಮೊಮ್ಮೆ ಪತ್ರಕ್ಕಿಂತ ಟಿಪ್ಪಣಿಯೇ ಉದ್ದವಿರುತ್ತಿತ್ತು. ಗಿರಾಕಿಗಳು ಗೊಣಗುತ್ತಿದ್ದರು. ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಬಂದವನು ಎರಡು ಬೀದಿ ಆಚೆಯ ಕನ್ನಡಕದ ಅಂಗಡಿಯವನು. ಅವನ ಅಜ್ಜ ಬೇರೊಂದು ದೇಶದ ಬಂದರು ಪಟ್ಟಣದಲ್ಲಿ ಹುಟ್ಟಿದವರಂತೆ. ಅಜ್ಜ ಅಥವಾ ಅಜ್ಜಿ ತಮ್ಮ ನೆಲದಲ್ಲಿ ಹುಟ್ಟಿದ್ದರೆ ಮೊಮ್ಮಕ್ಕಳಿಗೂ ಪೌರತ್ವ ಕೊಡುತ್ತೇವೆ ಎನ್ನುತ್ತದೆ ಆ ದೇಶದ ಕಾನೂನು. ಅಲ್ಲಿನ ಮಕ್ಕಳ ಕಣ್ಣಾಸ್ಪತ್ರೆಯೊಂದರಲ್ಲಿ, ದೃಷ್ಟಿ ತೀರ ಕಡಿಮೆ ಇರುವ ಮಕ್ಕಳಿಗೆ ವಿಶೇಷ ಲೆನ್ಸ್ ಮಾಡುವ ಕೆಲಸ ಖಾಲಿಯಿತ್ತು. ಅವನ ಕೈಕೆಲಸ ನೋಡಿ ಅವರು ಒಪ್ಪಿಯೂ ಆಗಿತ್ತು. ಆದರೆ ಆ ಹುದ್ದೆ ಅಲ್ಲಿನ ಪೌರರಿಗೆ ಮಾತ್ರ.

"ಅಜ್ಜನ ಜನನ ಪತ್ರ ಇದೆ. ನಂದೂ ಇದೆ. ನಡುವೆ ಅಪ್ಪಂದು ಇಲ್ಲ," ಎಂದ ಅವನು. "ಆ ವರ್ಷದ ರಿಜಿಸ್ಟರ್ ನೀರು ನುಗ್ಗಿ ಹಾಳಾಗಿ ಹೋಯ್ತಂತೆ. ಅಪ್ಪನೂ ಈಗ ಇಲ್ಲ. ಸಂಬಂಧ ತೋರಿಸೋಕೆ ಹಳೇ ಪತ್ರ ಇದ್ರೂ ಆಗುತ್ತೆ ಅಂದ್ರು ಕೌಂಟರ್‌ನಲ್ಲಿ. ಅದಕ್ಕೆ ಅಜ್ಜನ ಪತ್ರ ತಂದಿದೀನಿ."

"ಎಷ್ಟಿದೆ?"

"ಮೂವತ್ತೆರಡು. ನಾನು ಹಾಸ್ಟೆಲ್‌ನಲ್ಲಿದ್ದಾಗ ವಾರಕ್ಕೊಂದು ಬರೀತಿದ್ರು."

"ಅಷ್ಟೂ ಬೇಡ. ಒಂದೆರಡು ಸಾಕು."

"ಅಷ್ಟೂ ಓದಿ ನೀವೇ ಆರಿಸಿ," ಎಂದ ಅವನು. ಬಹುಶಃ ಆ ಕ್ಷಣಕ್ಕೆ ಅವನಿಗೂ ಗೊತ್ತಿರಲಿಲ್ಲ, ತಾನು ಯಾಕೆ ಹಾಗೆ ಅಂದೆನೆಂದು.

ಮಂಗಳವಾರ, ಶುಕ್ರವಾರ ಸಂಜೆ ಐದಕ್ಕೆ ಅವನು ಮೆಟ್ಟಿಲು ಹತ್ತಿ ಬರುತ್ತಿದ್ದ. ಅಜ್ಜನ ಕೈಬರಹ ಕೋಳಿ ಕೆರೆದ ಹಾಗಿತ್ತು. ತಿಳಿಯದ ಕಡೆ ಅವನು ಓದಿ ಹೇಳುತ್ತಿದ್ದ, ಅವಳು ಬರೆದುಕೊಳ್ಳುತ್ತಿದ್ದಳು.

"‘ನಿನ್ನ ಅಪ್ಪ ಇನ್ನೊಂದು ಛತ್ರಿ ಕಳೆದುಕೊಂಡಿದ್ದಾನೆಂದು ಮನೆಯಲ್ಲಿ ದೊಡ್ಡ ಗಲಾಟೆ. ಇದು ಐದನೆಯದು. ಬಸ್ಸಿನಲ್ಲಿ ಬಿಟ್ಟು ಬಂದವನು ನಾನು. ಯಾರಿಗೂ ಹೇಳಬೇಡ.’"

ಅವಳು ನಕ್ಕು ಲೇಖನಿ ಕೆಳಗಿಟ್ಟಳು. "ಈ ಪತ್ರ ಕಳಿಸೋದು ಬೇಡ. ಪೌರತ್ವ ಕೊಡೋ ಬದಲು ಕೇಸ್ ಹಾಕ್ತಾರೆ."

"ಅಜ್ಜನ ಮೇಲೆ ಮಾತ್ರ ಹಾಕಲಿ. ನಾನು ಬಾಯಿ ಬಿಟ್ಟಿಲ್ಲ ನೋಡಿ, ಇವತ್ತಿನವರೆಗೂ."

ಆಗ ಅದು ಬರೀ ತಮಾಷೆಯ ಮಾತಾಗಿತ್ತು.

ಒಂದು ಮಂಗಳವಾರ ಅವನು ಅವಳ ಮನೆಗೇ ಬಂದು ಅಪ್ಪನ ಕಣ್ಣು ಪರೀಕ್ಷೆ ಮಾಡಿದ. ಶಸ್ತ್ರಚಿಕಿತ್ಸೆ ಆದ ಮೇಲೂ ಅಕ್ಷರ ಕುಣಿಯುತ್ತವೆ ಎಂದು ಅಪ್ಪ ಓದುವುದನ್ನೇ ಬಿಟ್ಟಿದ್ದರು. ಅವನು ಮುಕ್ಕಾಲು ಗಂಟೆ ಒಂದೊಂದೇ ಗಾಜು ಬದಲಿಸಿ, "ಇದಾ? ಇದಾ?" ಎಂದು ಕೇಳಿದ. ಒಮ್ಮೆಯೂ ಬೇಸರಿಸಲಿಲ್ಲ. ಅವಳು ಚಹಾ ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ‘ಈ ಮನುಷ್ಯ ಹೋಗಿಬಿಡ್ತಾನೆ. ಹೋಗೋಕೆ ಬೇಕಾದ ಕಾಗದಕ್ಕೆ ನಾನೇ ಸೀಲ್ ಒತ್ತಬೇಕು...’

"ಹೊಸ ಕನ್ನಡಕಕ್ಕೆ ಮೂರು ನಾಲ್ಕು ವಾರ ಬೇಕು," ಎಂದ ಅವನು. "ಈ ನಂಬರ್ ಗಾಜು ನಾನೇ ಕೂತು ಉಜ್ಜಬೇಕು."

ಕೊನೆಗೆ ಒಂದು ಪತ್ರ ಆರಿಸಿದಳು. ‘ನನ್ನ ಪ್ರೀತಿಯ ಮೊಮ್ಮಗನಿಗೆ’ ಎಂದು ಶುರುವಾಗುತ್ತಿತ್ತು. ‘ನಾನು ಹುಟ್ಟಿದ ಬಂದರನ್ನು ನೀನೊಂದು ದಿನ ನೋಡಬೇಕು’ ಎಂದು ಮುಗಿಯುತ್ತಿತ್ತು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಅನುವಾದ ಮುಗಿಸಿ, ಅಭ್ಯಾಸಬಲದಿಂದ ಒಂದು ಪದದ ಕೆಳಗೆ ಪೆನ್ಸಿಲ್ ಇಟ್ಟಳು. ಮೊಮ್ಮಗ.

ಆ ದೇಶದ ಭಾಷೆಯಲ್ಲಿ ಮಗನ ಮಗನಿಗೆ ಒಂದು ಪದ, ಅಣ್ಣನ ಮೊಮ್ಮಗನಿಗೆ ಬೇರೆಯೇ ಪದ. ನಮ್ಮಲ್ಲಿ ಹಾಗಿಲ್ಲವಲ್ಲ. ಅಣ್ಣನ ಮಗನೂ ಮಗನೇ, ಅವನ ಮಗನೂ ಮೊಮ್ಮಗನೇ. ಅಜ್ಜನ ತಮ್ಮನನ್ನು ಕರೆಯುವುದೂ ಅಜ್ಜ ಎಂದೇ. ಇಂಥ ಪದಕ್ಕೆ ಅವಳು ಕಣ್ಣುಮುಚ್ಚಿಕೊಂಡು ಟಿಪ್ಪಣಿ ಹಾಕುತ್ತಿದ್ದಳು.

"ಒಂದು ವಿಷಯ ಕೇಳ್ಬೇಕು," ಎಂದಳು. "ಇವರು ನಿಮ್ಮ ತಂದೆಯ ತಂದೆ ತಾನೇ?"

ಅವನು ಕೈಯಲ್ಲಿದ್ದ ಬಟ್ಟೆಯಿಂದ ಒಂದು ಗಾಜು ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

"ನಮ್ಮಜ್ಜ ರೀ," ಎಂದ. "ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಓಡಾಡಿದ ನಮ್ಮಜ್ಜ."

ಅಷ್ಟು ಹೇಳಿ ತಲೆಯೆತ್ತಿದ. "ಇದೆಲ್ಲ ಮುಗೀಲಿ. ಆಮೇಲೆ ನಿಮ್ಮನ್ನ ಒಂದು ಮಾತು ಕೇಳೋದಿದೆ."

"ಏನು ಮಾತು?"

"ಅಲ್ಲಿಗೆ ಒಬ್ಬನೇ ಹೋಗ್ಬೇಕು ಅಂತ ರೂಲ್ಸ್ ಇಲ್ಲವಂತೆ. ಅಷ್ಟೇ ಈಗ ಹೇಳೋದು."

ಅವಳ ಕಿವಿ ಕೆಂಪಾಯಿತು. ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಅಳಿಸಿದಳು. ಕೆಲಸಕ್ಕೆ ಕೂತ ಆರು ವರ್ಷದಲ್ಲಿ ಮೊದಲ ಸಲ, ಅನುಮಾನ ಬಂದ ಪದವೊಂದಕ್ಕೆ ಟಿಪ್ಪಣಿ ಹಾಕದೆ ಮುದ್ರೆ ಒತ್ತಿದಳು. ಮರುದಿನ ಅವನು ಅರ್ಜಿ ಸಲ್ಲಿಸಿ ಬಂದ.

ಆಮೇಲೂ ಮಂಗಳವಾರ, ಶುಕ್ರವಾರ ಅವನು ಬರುವುದು ತಪ್ಪಲಿಲ್ಲ. "ಇನ್ನೂ ಕೆಲವು ಪತ್ರ ಬೇಕಾಗಬಹುದು," ಎನ್ನುತ್ತಿದ್ದ. ಮುಖ ಸ್ವಲ್ಪ ಬಾಡಿತ್ತು, ನಗು ಕಡಿಮೆಯಾಗಿತ್ತು. ಕೇಳುವುದಿದೆ ಎಂದಿದ್ದ ಮಾತನ್ನು ಮಾತ್ರ ಕೇಳಲೇ ಇಲ್ಲ. ಅರ್ಜಿಯ ಚಿಂತೆ ಇರಬೇಕು ಎಂದುಕೊಂಡು ಅವಳು ಇನ್ನೊಂದು ಕಪ್ ಚಹಾ ಬಗ್ಗಿಸುತ್ತಿದ್ದಳು.

ಮೂರು ವಾರ ಕಳೆಯಿತು. ಒಂದು ಗುರುವಾರ ಅಪ್ಪನ ಹೊಸ ಕನ್ನಡಕ ಬಂತು.

ಅಪ್ಪನ ಸಂಭ್ರಮ ಕೇಳಬೇಕೆ! ಔಷಧಿ ಶೀಶೆಯ ಮೇಲಿನ ಸಣ್ಣಕ್ಷರ ಓದಿದರು, ಕ್ಯಾಲೆಂಡರಿನ ಹಿಂಬದಿ ಓದಿದರು, ಸೋಪಿನ ಪೊಟ್ಟಣವನ್ನೂ ಬಿಡಲಿಲ್ಲ. ಶುಕ್ರವಾರ ಬೆಳಗ್ಗೆ ಮಗಳ ಕಚೇರಿಯ ಕಡತಗಳಿಗೆ ಕೈ ಹಾಕಿದರು.

"ಪುಟ್ಟೀ," ಎಂದು ಕರೆದರು. "ಇದರಲ್ಲಿ ಮೊಮ್ಮಗನಿಗೆ ಟಿಪ್ಪಣಿ ಎಲ್ಲಿ?"

ಅವಳು ಜಡೆ ಹಾಕಿಕೊಳ್ಳುತ್ತಿದ್ದಳು. "ಕೇಳಿದೆ ಅಪ್ಪ. ಅಜ್ಜನೇ ಅಂದ್ರು."

"ಅಪ್ಪನ ಅಪ್ಪ ಅಂದ್ರಾ, ಅಜ್ಜ ಅಂದ್ರಾ?"

ಅವಳ ಕೈ ನಿಂತಿತು.

"...ನಮ್ಮಜ್ಜ ಅಂದ್ರು."

ಅಪ್ಪ ಕನ್ನಡಕ ತೆಗೆದು ಮಡಿಚಿ ಪೆಟ್ಟಿಗೆಯಲ್ಲಿಟ್ಟರು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಂಜೆ ಅವನೇ ಬರುತ್ತಿದ್ದ. ಅವಳು ಕಾಯಲಿಲ್ಲ. ಜಡೆ ಅರ್ಧಕ್ಕೇ ಬಿಟ್ಟು ಅವನ ಅಂಗಡಿಗೆ ನಡೆದಳು.

ಅವನು ಇರಲಿಲ್ಲ. ಗಾಜಿನ ಕಪಾಟಿನ ಹಿಂದೆ ಅವನ ಅಮ್ಮ ಕೂತು ಹಳೆಯ ಕನ್ನಡಕಗಳ ಧೂಳು ಒರೆಸುತ್ತಿದ್ದರು. ಇಬ್ಬರೂ ಅದುವರೆಗೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಬಾಮ್ಮ, ಕೂತ್ಕೊ. ಮಗ ಚಹಾ ತರೋಕೆ ಹೋಗಿದಾನೆ, ಬಂದ್ಬಿಡ್ತಾನೆ."

ಗೋಡೆಯ ಮೇಲೆ ಒಂದು ಕಪ್ಪು ಬಿಳುಪು ಚಿತ್ರವಿತ್ತು. ಒಂದೇ ಬೆಂಚಿನ ಮೇಲೆ ಇಬ್ಬರು ಗಂಡಸರು, ಒಂದೇ ಅಚ್ಚಿನ ಮೂಗು.

"ಇವರು ಯಾರಮ್ಮ?" ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು.

"ಎಡಗಡೆ ಇರೋರು ನಮ್ಮ ಮಾವ. ನಾನು ಈ ಮನೆಗೆ ಬರೋ ಎಷ್ಟೋ ಮೊದಲೇ ಹೋಗ್ಬಿಟ್ರು, ಪಾಪ. ಪಕ್ಕದೋರು ಅವರ ತಮ್ಮ, ಚಿಕ್ಕ ಮಾವ. ಅಣ್ಣನ ಮಗನ್ನ ಸಾಕ್ಬೇಕು ಅಂತ ಮದುವೆನೇ ಆಗಲಿಲ್ಲ ಆ ಪುಣ್ಯಾತ್ಮ. ನಮ್ಮ ಮನೆಯವರನ್ನೂ ಸಾಕಿದ್ರು, ನನ್ನ ಮಗನನ್ನೂ ಎತ್ತಿ ಆಡಿಸಿದ್ರು."

"ಆ ದೇಶದಲ್ಲಿ ಹುಟ್ಟಿದೋರು...?"

"ಚಿಕ್ಕ ಮಾವನೇ. ದೊಡ್ಡೋರು ಇಲ್ಲೇ ಹುಟ್ಟಿದ ಮೇಲೆ ಮನೆಯವರೆಲ್ಲ ಅಲ್ಲಿಗೆ ಕೆಲಸಕ್ಕೆ ಅಂತ ಹೋಗಿದ್ರಂತೆ..." ಅಮ್ಮನ ಕೈಯ ಬಟ್ಟೆ ತಟ್ಟನೆ ನಿಂತಿತು. ಅವಳ ಬೆರಳ ಮೇಲಿನ ನೀಲಿ ಶಾಯಿಯ ಕಲೆ ನೋಡಿದರು. "ನೀನು... ಸೀಲಿನೋಳಾ?"

ಅವಳು ತಲೆಯಾಡಿಸಿದಳು.

"ಅವನ ಮೇಲೆ ಕೋಪ ಮಾಡ್ಕೋಬೇಡಮ್ಮ. ಕೇಳಿದ್ರೆ ನಮ್ಮಜ್ಜ ಅನ್ನು, ಇನ್ನೇನೂ ಅನ್ನಬೇಡ ಅಂತ ನಾನೇ ಹೇಳ್ಕೊಟ್ಟಿದ್ದೆ. ಸುಳ್ಳೇನಿದೆ ಹೇಳು ಅದರಲ್ಲಿ? ಅಜ್ಜ ಅಂತಲೇ ಕರೆದು ಬೆಳೆದವನು."

ಸುಳ್ಳಿಲ್ಲ. ಅದೇ ಅವಳನ್ನು ಕೊಂದದ್ದು. ಸುಳ್ಳು ಹೇಳಿದ್ದರೆ, ಮೋಸಗಾರ ಎಂದು ಒಂದೇ ಮಾತಿನಲ್ಲಿ ತೊಳೆದುಬಿಡಬಹುದಿತ್ತು. ಇವನು ಒಂದು ಪದ ಆರಿಸಿಕೊಂಡಿದ್ದ. ಪದಗಳನ್ನೇ ನಂಬಿ ಬದುಕುವವಳ ಮುಂದೆ ಕೂತು, ಮನೆಯಲ್ಲಿ ಪಾಠ ಹೇಳಿಸಿಕೊಂಡು ಬಂದ ಪದವನ್ನು ಹಾಕಿದ್ದ!

ಬಾಗಿಲ ಬಳಿ ನೆರಳು ಬಿತ್ತು. ಕೈಯಲ್ಲಿ ಚಹಾದ ಫ್ಲಾಸ್ಕ್ ಹಿಡಿದು ಅವನು ನಿಂತಿದ್ದ. ಅವಳ ಮುಖ ನೋಡಿದ, ಅಮ್ಮನ ಮುಖ ನೋಡಿದ, ಗೋಡೆಯ ಚಿತ್ರ ನೋಡಿದ. ಏನಾಯಿತೆಂದು ಕೇಳಲಿಲ್ಲ.

"ಗೊತ್ತಿತ್ತು ನಿಮಗೆ," ಎಂದಳು ಅವಳು.

"ಗೊತ್ತಿತ್ತು."

"ನಾನು ಕೇಳಿದ್ದು ಅರ್ಥ ಆಗಿತ್ತು."

"...ಆಗಿತ್ತು."

"ಇದು ಬಯಲಾದ್ರೆ ನನ್ನ ಸೀಲ್ ಹೋಗುತ್ತೆ ಅಂತಾನೂ?"

ಅವನು ಫ್ಲಾಸ್ಕನ್ನು ಕಪಾಟಿನ ಮೇಲಿಟ್ಟ. "ಆ ಹೊತ್ತಿಗೆ ಅದನ್ನ ಯೋಚಿಸಲಿಲ್ಲ. ಆಮೇಲೆ... ಆಮೇಲೆ ಬೇರೆ ಏನನ್ನೂ ಯೋಚಿಸೋಕೆ ಆಗಲಿಲ್ಲ."

"ಅಂದ್ರೆ ನೀವು ಬಂದಿದ್ದೆಲ್ಲ, ಕನ್ನಡಕ ರಿಪೇರಿ ಮಾಡಿದ್ದು, ಅಪ್ಪನ ಮುಂದೆ ಮುಕ್ಕಾಲು ಗಂಟೆ ಕೂತಿದ್ದು... ಎಲ್ಲ ಒಂದು ಸೀಲಿಗೋಸ್ಕರ?"

"ಮೊದಲನೇ ದಿನ ಬಂದಿದ್ದು ಸೀಲಿಗೇ," ಎಂದ ಅವನು. "ಸುಳ್ಳು ಹೇಳಲ್ಲ. ಉಳಿದ ದಿನ..."

"ಸಾಕು." ಅವಳು ಕೈಯೆತ್ತಿದಳು. "ಸುಳ್ಳು ಹೇಳದೆ ಇರೋದು ನಿಮಗೆ ಎಷ್ಟು ಚೆನ್ನಾಗಿ ಬರುತ್ತೆ ಅಂತ ನೋಡಿದೀನಿ. ಸೋಮವಾರ ನಾನೇ ಆ ಕಚೇರಿಗೆ ಹೋಗ್ತೀನಿ. ನನ್ನ ಅನುವಾದ ತಪ್ಪು ಅಂತ ಬರೆದು ಕೊಡ್ತೀನಿ. ನಿಮ್ಮ ಅರ್ಜಿ ಏನಾಗುತ್ತೋ ಆಗಲಿ. ನನ್ನ ಮೆಟ್ಟಿಲು ಇನ್ನು ಹತ್ತಬೇಡಿ."

ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಬೀದಿಯ ತಿರುವಿನವರೆಗೆ ಅವಳು ತಲೆಯೆತ್ತಿಯೇ ನಡೆದಳು. ತಿರುಗಿದ ಮೇಲೆ ಕಣ್ಣೊರೆಸಲು ಕನ್ನಡಕ ಎಳೆದ ರಭಸಕ್ಕೆ ಎಡಗಡೆಯ ಕಡ್ಡಿ ಕೈಗೇ ಬಂತು. ಸ್ಕ್ರೂ ಎಲ್ಲಿ ಹಾರಿತೋ, ರಸ್ತೆಯಲ್ಲಿ ಹುಡುಕಿದರೂ ಸಿಗಲಿಲ್ಲ. ಮನೆಗೆ ಬಂದು ಹಳೆಯ ದಾರವನ್ನೇ ಸುತ್ತಿದಳು.

ಶನಿವಾರ, ಭಾನುವಾರ ಹೇಗೆ ಕಳೆದವೋ ಅವಳಿಗೇ ಗೊತ್ತು. ಅವನ ಮೇಲಿನ ಕೋಪ ಒಂದು ಪಾಲಾದರೆ ತನ್ನ ಮೇಲಿನದು ಎರಡು ಪಾಲಿತ್ತು. ಪೆನ್ಸಿಲ್ ಗುರುತು ಅಳಿಸಿದ್ದು ಅವನ ಕೈಯೇ? ಅಲ್ಲವಲ್ಲ!

"ತಪ್ಪು ಬರೆದು ಕೊಟ್ರೆ ನಂಬರ್ ಉಳಿಯುತ್ತಾ ಅಪ್ಪ?" ಎಂದು ಕೇಳಿದಳು.

"ಉಳಿದರೂ ಉಳೀಬಹುದು. ಹೋದ್ರೂ ಕೊಡು," ಎಂದರು ಅಪ್ಪ. ಅವಳ ಕನ್ನಡಕದ ಕಡೆ ನೋಡಿ, "ಆ ದಾರ ಎಷ್ಟು ದಿನ ಇರುತ್ತೆ?" ಎಂದರು. ಅವಳು ಎದ್ದು ಒಳಗೆ ಹೋದಳು.

ಸೋಮವಾರ ಬೆಳಗ್ಗೆ ಆ ದೇಶದ ಕಚೇರಿಯ ಮೂರನೇ ಕೌಂಟರಿನಲ್ಲಿ ಅವಳು ತನ್ನ ತಿದ್ದುಪಡಿ ಪತ್ರ ಒಳಗೆ ತಳ್ಳಿದಳು. ಒಳಗಿದ್ದ ಅಧಿಕಾರಿಣಿ ಓದಿದರು, ಕಡತ ತೆಗೆದರು, ಹುಬ್ಬೇರಿಸಿದರು.

"ಇದನ್ನ ಈಗ ಯಾಕೆ ತಂದಿದೀರಿ? ಈ ಅರ್ಜಿನ ಅವರೇ ವಾಪಸ್ ತಗೊಂಡಿದಾರಲ್ಲ."

"ಯಾವಾಗ?" ಎಂದಳು. ‘ಶುಕ್ರವಾರ ನಾನು ಹೋದ ಮೇಲೆ ಓಡಿ ಬಂದಿರಬೇಕು...’

"ಅರ್ಜಿ ಕೊಟ್ಟ ಮೂರನೇ ದಿನ. ಇಲ್ಲಿದೆ ನೋಡಿ ತಾರೀಕು." ಆಕೆ ಒಂದು ಹಾಳೆ ಎತ್ತಿ ತೋರಿಸಿದರು. "ಆದರೆ ನಿಮ್ಮ ಭಾಷೇಲಿ ಬರೆದಿದಾರೆ. ಅನುವಾದ ಇಲ್ಲದೆ ನಾವು ಸ್ವೀಕರಿಸೋ ಹಾಗಿಲ್ಲ. ಎರಡು ಸಲ ಕರೆದು ಹೇಳಿದ್ವಿ. ಯಾರ ಹತ್ರ ಆದ್ರೂ ಮಾಡಿಸಿ ತನ್ನಿ ಅಂದ್ರೆ, ಬೇರೆಯವರ ಹತ್ರ ಆಗಲ್ಲ ಅಂತಾರೆ. ನಿಮ್ಮ ಹತ್ರ ತರೋಕೆ ಮುಖ ಇಲ್ಲ ಅಂತಾರೆ. ವಿಚಿತ್ರ ಮನುಷ್ಯ. ನೀವೇ ಬಂದಿದೀರಲ್ಲ, ಆ ಮೇಜಿನ ಮೇಲೆ ಕೂತು ಮಾಡಿಕೊಟ್ರೆ ಈಗಲೇ ಮುಗಿಸ್ತೀನಿ."

ಅವಳು ಮೂಲೆಯ ಮೇಜಿಗೆ ಹೋಗಿ ಕೂತಳು. ದಾರ ಸುತ್ತಿದ ಕನ್ನಡಕ ಸರಿಮಾಡಿಕೊಂಡು ಓದಿದಳು.

‘ಮಾನ್ಯರೇ, ನನ್ನ ಪೌರತ್ವದ ಅರ್ಜಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ನಿಮ್ಮ ದೇಶದಲ್ಲಿ ಹುಟ್ಟಿದವರು ನನ್ನ ಅಜ್ಜನ ತಮ್ಮ. ಅವರನ್ನು ಅಜ್ಜನ ತಮ್ಮ ಎಂದು ನಾನು ಬರೆಯುತ್ತಿರುವುದು ಇದೇ ಮೊದಲು. ನನ್ನ ಮನಸ್ಸಿನಲ್ಲಿ ಅವರು ಅಜ್ಜನೇ. ನಮ್ಮ ಭಾಷೆಯಲ್ಲಿ ಅದು ಸುಳ್ಳಲ್ಲ. ನಿಮ್ಮ ಕಾನೂನಿಗೆ ಅದು ಸುಳ್ಳು ಎಂದು ನನಗೆ ಗೊತ್ತಿತ್ತು.

‘ಅನುವಾದಕಿಯ ತಪ್ಪೇನೂ ಇಲ್ಲ. ನಿಮ್ಮ ತಂದೆಯ ತಂದೆಯೇ ಎಂದು ಅವರು ಕೇಳಿದರು. ನಾನು ನಮ್ಮಜ್ಜ ಎಂದೆ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಟಿಪ್ಪಣಿ ಬಿಡುವ ಅಭ್ಯಾಸ ಅವರಿಗಿಲ್ಲ. ನನ್ನನ್ನು ನಂಬಿ ಬಿಟ್ಟರು. ಆ ಕಾಗದವನ್ನು ನಿಮ್ಮ ಕೌಂಟರಿಗೆ ಕೊಟ್ಟ ದಿನದಿಂದ ನನಗೆ ಒಂದು ಗಾಜನ್ನೂ ನೆಟ್ಟಗೆ ಕೂರಿಸಲು ಆಗುತ್ತಿಲ್ಲ.

‘ಶಿಕ್ಷೆ ಇದ್ದರೆ ನನಗಿರಲಿ. ಆ ಮುದ್ರೆ ಅವರ ತಂದೆಯವರ ಕಾಲದ್ದು. ಅದಕ್ಕೆ ಏನೂ ಆಗಬಾರದು.’

ಅಕ್ಷರಗಳು ಮಂಜಾದವು. ದಾರದ ತಪ್ಪಲ್ಲ ಅದು.

ಒಂದೊಂದೇ ಪದ ದಾಟಿಸಿದಳು. ಬೇರೆಯವರ ನೂರಾರು ಬದುಕುಗಳನ್ನು ಅನುವಾದಿಸಿದ ಕೈ, ತನ್ನದೇ ಕಥೆ ಬಂದಾಗ ಆರು ಸಲ ನಿಂತಿತು. ‘ನಮ್ಮಜ್ಜ’ ಬಂದಾಗ ಪೆನ್ಸಿಲ್ ತೆಗೆದು ಅಡಿಗೆರೆ ಎಳೆದಳು. ಕೆಳಗೆ ಬರೆದಳು: ‘ಈ ಪದ ತಂದೆಯ ತಂದೆಗೂ, ಅವರ ಸಹೋದರರಿಗೂ ಸಲ್ಲುತ್ತದೆ. ಸಾಕಿ ಬೆಳೆಸಿದವರಿಗೆ ಪ್ರೀತಿಯಿಂದಲೂ ಬಳಕೆಯಲ್ಲಿದೆ. ಮೊದಲ ಅನುವಾದದಲ್ಲಿ ಈ ಟಿಪ್ಪಣಿ ಬಿಟ್ಟುಹೋದದ್ದು ಅನುವಾದಕಿಯ ತಪ್ಪು.’

ಮುದ್ರೆ ಒತ್ತಿದಳು. ಅಧಿಕಾರಿಣಿ ಎರಡನ್ನೂ ಓದಿ ಕಡತ ಮುಚ್ಚಿದರು. "ತೀರ್ಮಾನ ಆಗೋ ಮೊದಲೇ ಇಬ್ಬರೂ ಬಂದು ಹೇಳಿದೀರಿ. ದೂರು ಹಾಕೋ ಅಗತ್ಯ ಕಾಣಲ್ಲ. ಇನ್ನೊಂದು ಸಲ ಟಿಪ್ಪಣಿ ಬಿಡಬೇಡಿ."

ಅಂಗಡಿಯಲ್ಲಿ ಅವನು ಒಬ್ಬನೇ ಇದ್ದ. ಗಾಜು ಉಜ್ಜುವ ಚಕ್ರ ತಿರುಗುತ್ತಿತ್ತು. ಅವಳನ್ನು ಕಂಡದ್ದೇ ಗುಂಡಿ ಒತ್ತಿ ನಿಲ್ಲಿಸಿದ. ಅವನ ಕಣ್ಣು ಮೊದಲು ಹೋದದ್ದು ಅವಳ ಎಡಗಡೆಯ ಕಡ್ಡಿಗೆ.

"ನೋಡಬೇಡಿ," ಎಂದಳು. "ಮೊದಲು ನನ್ನ ಮಾತು. ಇಪ್ಪತ್ತು ದಿನ ಆಯ್ತು ನೀವು ವಾಪಸ್ ತಗೊಂಡು. ಇಪ್ಪತ್ತು ದಿನದಲ್ಲಿ ಒಂದು ಸಲ ಬಾಯಿ ಬಿಡೋಕೆ ಆಗಲಿಲ್ವಾ?"

"ವಾಪಸ್ ತಗೊಂಡೆ ಅಂದ್ರೆ ಯಾಕೆ ಅಂತ ಕೇಳ್ತಿದ್ರಿ. ಅದಕ್ಕೆ ಉತ್ತರ ಕೊಡೋ ಧೈರ್ಯ ಇರಲಿಲ್ಲ."

"ಶುಕ್ರವಾರ? ನಾನು ಅಷ್ಟು ಅಂದಾಗ?"

"ಅವತ್ತು ಹೇಳಿದ್ರೆ ಕ್ಷಮೆ ವಸೂಲಿ ಮಾಡಿದ ಹಾಗಾಗ್ತಿತ್ತು. ನಿಮಗೆ ಕೋಪ ಮಾಡ್ಕೊಳ್ಳೋ ಹಕ್ಕು ಪೂರ್ತಿ ಇತ್ತು."

"ಹಾಗಾದ್ರೆ ಅದಾದ ಮೇಲೂ ಆ ಪತ್ರಗಳನ್ನ ಯಾಕೆ ತರ್ತಾ ಇದ್ರಿ? ಅರ್ಜಿನೇ ಇರಲಿಲ್ಲವಲ್ಲ."

ಅವನು ತಲೆ ತಗ್ಗಿಸಿದ. "ಡಬ್ಬಿ ಖಾಲಿ ಆದ್ರೆ ನಿಮ್ಮ ಮೆಟ್ಟಿಲು ಹತ್ತೋಕೆ ನೆಪ ಇರ್ತಿರಲಿಲ್ಲ. ಇನ್ನೂ ಒಂಬತ್ತು ಉಳಿದಿದೆ."

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು.

"ಆಸ್ಪತ್ರೆ ಕೆಲಸ?"

"ಬೇರೆಯವರಿಗೆ ಕೊಟ್ರು. ಹೋದ ವಾರ ಪತ್ರ ಬಂತು." ಚಕ್ರದ ಮೇಲಿನ ಗಾಜಿನ ಪುಡಿ ಒರೆಸಿದ. "ಬೇಜಾರಿದೆ. ಇಲ್ಲ ಅಂದ್ರೆ ಅದೂ ಸುಳ್ಳೇ. ಇಲ್ಲೂ ಅಂಥ ಮಕ್ಕಳಿದಾರೆ, ಅವರಿಗೆ ಮಾಡೋಣ ಅಂತ ಈ ಚಕ್ರ ಸರಿಮಾಡ್ತಾ ಕೂತಿದೀನಿ."

ಅವಳು ಕುರ್ಚಿ ಎಳೆದುಕೊಂಡು ಅವನೆದುರು ಕೂತಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ನಂಬಿಕೆ ಪೂರ್ತಿ ವಾಪಸ್ ಬಂದಿಲ್ಲ," ಎಂದಳು. "ಅರ್ಧ ದಾರೀಲಿದೆ ಅಂದ್ಕೊಳ್ಳಿ."

"ಕಾಯ್ತೀನಿ." ಅವನು ಬೆಂಕಿಪೊಟ್ಟಣ ತೆರೆದ. ಸ್ಕ್ರೂ ಈ ಸಲ ಮೂರನೇ ಪ್ರಯತ್ನಕ್ಕೆ ಕೂತಿತು.

"ಅವತ್ತು ಏನೋ ಕೇಳೋದಿದೆ ಅಂದಿದ್ರಲ್ಲ," ಎಂದಳು ಅವಳು, ಮಸುಕಾಗಿ ಕಾಣುತ್ತಿದ್ದ ಅವನ ಮುಖದ ಕಡೆ ನೋಡುತ್ತ. "ಆ ದೇಶಕ್ಕೆ ಹೋಗೋದು ತಪ್ಪಿತು. ಮಾತೂ ತಪ್ಪಿ ಹೋಯ್ತಾ?"

ಅವನ ಕೈ ನಿಂತಿತು. ಮೆಲ್ಲಗೆ ಕೇಳಿದ.

"ನಮ್ಮನೆಗೆ ಬರ್ತೀರಾ?"

"ಹಾಗೆಲ್ಲ ಕೇಳಬೇಡಿ," ಎಂದಳು. ಅವನ ಮುಂದಿದ್ದ ಪೆನ್ಸಿಲ್ ತೆಗೆದುಕೊಂಡಳು. "‘ನಮ್ಮ’ ಅಂದ್ರೆ ಯಾರ್ಯಾರು? ಬಿಡಿಸಿ ಹೇಳಿ. ಈ ಸಲ ಟಿಪ್ಪಣಿ ಬಿಡಲ್ಲ ನಾನು."

ಅವನು ಕನ್ನಡಕ ಒರೆಸಿ, ಎರಡೂ ಕೈಯಿಂದ ಅವಳ ಕಿವಿಗಳ ಮೇಲೆ ಕೂರಿಸಿದ. ಅವಳ ಕಣ್ಣಲ್ಲಿ ಕಣ್ಣಿಟ್ಟು ಒಂದೊಂದೇ ಪದ ಹೇಳಿದ.

"ನಮ್ಮ ಅಂದ್ರೆ... ನಾನು, ಅಮ್ಮ. ಮಂಗಳವಾರ ಶುಕ್ರವಾರ ಅಲ್ಲ, ದಿನಾ... ನೀವು."

"ಅಪ್ಪ?"

"ಅವರ ಕನ್ನಡಕ ನೋಡ್ಕೊಳ್ಳೋನು ನಾನು ತಾನೇ? ಅವರೂ."

ಅವಳು ಮೇಜಿನ ಮೇಲಿದ್ದ ಚೀಟಿಯಲ್ಲಿ ಅಷ್ಟನ್ನೂ ಬರೆದುಕೊಂಡಳು. ಕೊನೆಯ ಪದದ ಕೆಳಗೆ ಒಂದು ಗೆರೆ ಎಳೆದಳು.

"ಸರಿ," ಎಂದಳು. "ಉಳಿದ ಒಂಬತ್ತು ಪತ್ರ ತಗೊಂಡು ಸಂಜೆ ಬನ್ನಿ. ಅಪ್ಪನಿಗೆ ಓದಿ ಹೇಳಬೇಕು, ನಮ್ಮಜ್ಜ ಹೇಗೆ ಬರೀತಿದ್ರು ಅಂತ."